ಅಲ್ಲಾಡಿಸಿ ನೋಡಿದ ಕಾರು

ನನ್ನ ಕಿವಿಯ ಬಗ್ಗೆ ಎರಡು ಮಾತು ಹೇಳದೆ ಈ ಕಥೆ ಶುರು ಮಾಡುವ ಹಾಗಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಬಿಟ್ಟಿದೆಯೋ ಇಲ್ಲವೋ ಎಂದು ಕಣ್ಣಿನಲ್ಲಿ ನೋಡಿ ಹೇಳಲು ಬ್ರಹ್ಮನಿಗೂ ಆಗದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಕ್ ಎಂದರೆ ಬಿಟ್ಟಿದೆ, ಒಡೆಯಬಹುದು. ಸುಮ್ಮನಿದ್ದರೆ ಮತ್ತೆ ಅಟ್ಟಕ್ಕೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ ಎಂದು ನಾನು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದೇನೆ. ಬೇರೆ ಯಾರೂ ಹೇಳದಿದ್ದಾಗ ನಾವೇ ಹೇಳಿಕೊಳ್ಳಬೇಕಲ್ಲ.

ಇಂಥ ಕಿವಿ ಇರುವವನ ಕಾರಿನಲ್ಲಿ ಒಂದು ಶನಿವಾರ ಹಳದಿ ದೀಪ ಹತ್ತಿಕೊಂಡಿತು.

ಶೆಟ್ಟಿಕೆರೆಯಿಂದ ನಮ್ಮತ್ತೆಯನ್ನು ಕರೆದುಕೊಂಡು ಬರುತ್ತಿದ್ದೆವು. ಅತ್ತೆ ಸಿದ್ದಮ್ಮನವರಿಗೆ ವಯಸ್ಸಾಗಿದೆ. ಕಣ್ಣು ಹದ್ದಿನ ಹಾಗಿದೆ, ಆದರೆ ಕಿವಿ ಮಾತ್ರ ಪೂರಾ ಮಂದ. ಮಗಳು ಫೋನ್ ಮಾಡಿದರೆ "ಉಂಡ್ಯಾ? ಮಳೆ ಬಂತಾ?" ಎಂದು ತಾವೇ ಕೇಳಿ, ಉತ್ತರ ಕೇಳಿಸದೆ, "ಹ್ಞೂ, ಬುಡು ಮತ್ತೆ" ಎಂದು ಇಟ್ಟುಬಿಡುತ್ತಾರೆ. ನನ್ನ ಹೆಂಡತಿ ಗಂಗಾಗೆ ಇದೇ ದೊಡ್ಡ ಕೊರಗು. ಫೋನ್ ಇಟ್ಟ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ತುಮಕೂರಿಗೆ ಕಿವಿಯ ಡಾಕ್ಟರೊಬ್ಬರು ಅಪರೂಪಕ್ಕೆ ಬರುತ್ತಾರೆ, ಅವರು ಹೊಂದಿಸಿಕೊಡುವ ಮೆಷಿನ್ ಹಾಕಿಕೊಂಡರೆ ಇಂಥವರಿಗೂ ಕೇಳಿಸುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಪಟ್ಟು ಹಿಡಿದು ಫೋನ್ ಮಾಡಿ ಮಾಡಿ ಸೋಮವಾರ ಬೆಳಿಗ್ಗೆಗೆ ಅವ್ವನ ಹೆಸರು ಬರೆಸಿದ್ದಳು. ಆ ದಿನ ತಪ್ಪಿದರೆ ಡಾಕ್ಟರು ಮತ್ತೆ ಯಾವಾಗ ಬರುತ್ತಾರೋ ಅವರಿಗೇ ಗೊತ್ತಿಲ್ಲ. ಅತ್ತೆಯ ಮಂಡಿಗಳು ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ಹೀಗೆ ಒಂದು ಸಂಸಾರದ ಭಾರವೆಲ್ಲ ನನ್ನ ಹಳೇ ಕಾರಿನ ಮೇಲೆ ಬಂದು ಕೂತಿತ್ತು.

ಹೊರಡುವಾಗ ಬಾಮೈದ, ಅಟ್ಟದಿಂದ ಇಳಿಸಿ ಮಟ್ಟೆ ಸುಲಿದ ಕಾಯಿಗಳ ಚೀಲವೊಂದನ್ನು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಇಟ್ಟ. "ಭಾವ, ಬಾಯಿ ಬಿಗಿಯಾಗಿ ಕಟ್ಕಳಿ" ಎಂದ. ನಾನು ಕಟ್ಟಿದೆ.

ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ತಿರುವಿನಲ್ಲಿ ರಸ್ತೆ ತುಂಬ ಕುರಿ. ಬ್ರೇಕ್ ಒತ್ತಿದೆ. ಹಿಂದೆ ಚೀಲ ಉರುಳಿ ದಡದಡ ಎಂದಿತು. ಮುಂದೆ, ಸ್ಟೀರಿಂಗ್ ಹಿಂದಿನ ಗಾಜಿನೊಳಗೆ ಹಳದಿ ದೀಪ ಹತ್ತಿತು. ಕುರಿಗಳು ದಾರಿ ಬಿಟ್ಟವು, ನಾನು ಮುಂದೆ ಹೊರಟೆ, ಆಗ ಕಾರಿನ ಒಳಗೆಲ್ಲೋ ಒಂದು ಶಬ್ದ ಶುರುವಾಯಿತು. ಹಳ್ಳ ಸಿಕ್ಕಾಗ ಲೊಟಕ್. ತಿರುವಿನಲ್ಲಿ ಲೊಟಕ್.

"ರೀ, ಅದೇನ್ರೀ ಹಳದಿ ದೀಪ? ನಮ್ಮ ಬೋರ್‌ವೆಲ್ ಮೋಟ್ರು ಬರ್ದಂಗೈತೆ" ಎಂದಳು ಗಂಗಾ.

"ಏನಿಲ್ಲ ಕಣೇ. ಇಂಜಿನ್ ಚೆನ್ನಾಗೈತೆ ಅಂತ ಅರ್ಥ."

"ಚೆನ್ನಾಗಿದ್ರೆ ದೀಪ ಯಾಕೆ ಹತ್ಬೇಕು? ಇಷ್ಟು ದಿನ ಚೆನ್ನಾಗಿರ್ಲಿಲ್ವಾ?"

ನಾನು ರಸ್ತೆ ನೋಡಿಕೊಂಡು ಗೇರ್ ಬದಲಾಯಿಸಿದೆ.

ಮನೆಗೆ ಬಂದು ಸೀಟಿನ ಮೇಲೆ ಚೆಲ್ಲಿದ್ದ ಕಾಯಿಗಳನ್ನು ಆಯ್ದು ಒಳಗಿಟ್ಟೆ. "ಎಲ್ಲಾ ಆಯ್ದ್ರಾ?" ಎಂದು ಗಂಗಾ ಕೇಳಿದಳು. "ಆಯ್ತು, ಬುಡು" ಎಂದೆ. ಆ ಹೊತ್ತಿಗೆ ನನ್ನ ಮನಸ್ಸು ಕಾಯಿಗಳ ಮೇಲಿರಲಿಲ್ಲ. ದೀಪ ಮತ್ತು ಶಬ್ದ ಒಂದೇ ಗಳಿಗೆಯಲ್ಲಿ ಹುಟ್ಟಿವೆ, ಆದ್ದರಿಂದ ಎರಡಕ್ಕೂ ಮೂಲ ಒಂದೇ ಎಂಬ ನಿರ್ಣಯಕ್ಕೆ ನಾನು ಬಂದಾಗಿತ್ತು. ಈ ನಿರ್ಣಯದಲ್ಲಿ ತಪ್ಪೇನಿದೆ ಎಂದು ಇವತ್ತು ಕೇಳಿದರೂ ನನಗೆ ಥಟ್ಟನೆ ಹೇಳಲಾಗುವುದಿಲ್ಲ.

ಮರುದಿನ ಭಾನುವಾರ. ಗೊತ್ತಿದ್ದ ಮೆಕ್ಯಾನಿಕ್ ಯಾವುದೋ ಮದುವೆಗೆ ಹೋಗಿದ್ದ. ನಾನು ಬಾನೆಟ್ ಎತ್ತಿ ನಿಂತಿದ್ದೇ ತಡ, ಎದುರು ಮನೆಯ ರುದ್ರಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ರುದ್ರಣ್ಣ ನನ್ನ ಬಾಲ್ಯದ ಗೆಳೆಯ. ಅವನ ಬಳಿ ಕಾರಿಲ್ಲ. ಹಾಗಾಗಿ ಕಾರುಗಳ ವಿಷಯದಲ್ಲಿ ಅವನಿಗೆ ಯಾವ ಅನುಮಾನವೂ ಇಲ್ಲ.

"ಬಸಣ್ಣ, ಇದು ಟ್ರಿಪ್ ಆಗಿರೋದು ಕಣ್ಲಾ" ಎಂದ. "ತೋಟದ ಮೋಟ್ರು ಟ್ರಿಪ್ ಆದ್ರೆ ಏನ್ ಮಾಡ್ತೀವಿ? ಫ್ಯೂಸ್ ಕಿತ್ತು ಮತ್ತೆ ಹಾಕ್ತೀವಿ. ಬ್ಯಾಟ್ರಿ ವೈರು ಬಿಚ್ಚು."

ಬಿಚ್ಚಿದೆ. ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಇಬ್ಬರೂ ಕೂತೆವು. ಮತ್ತೆ ಸಿಕ್ಕಿಸಿ ಕೀಲಿ ತಿರುಗಿಸಿದರೆ, ದೀಪ ಇಲ್ಲ. ರುದ್ರಣ್ಣ ಮೀಸೆ ತಿರುವಿದ. ಗಂಗಾ ಸಂತೋಷಕ್ಕೆ ಇಬ್ಬರಿಗೂ ಕಾಫಿ ತಂದುಕೊಟ್ಟಳು. ಕಾಫಿ ಕುಡಿದು, ಕಾರನ್ನು ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಬರೋಣ ಎಂದು ಹೊರಟೆವು. ಹೋಗುವಾಗ ದೀಪ ಇರಲಿಲ್ಲ. ಬರುವಾಗ ಇತ್ತು. ಲೊಟಕ್ ಮಾತ್ರ ಹೋಗುವಾಗಲೂ ಇತ್ತು, ಬರುವಾಗಲೂ ಇತ್ತು.

ಆಗ ನಾನು ಒಂದು ದೊಡ್ಡ ಮಾತು ಆಡಿದೆ. "ರುದ್ರಣ್ಣ, ದೀಪ ನೋಡ್ಕಂಡು ಕುಂತ್ರೆ ಆಗಲ್ಲ. ಇದನ್ನ ಅಲ್ಲಾಡ್ಸಿ ನೋಡ್ಬೇಕು."

ರುದ್ರಣ್ಣನ ಮುಖ ಅರಳಿತು. ಇಷ್ಟು ಹೊತ್ತು ಇದು ಹೊಳೆಯಲಿಲ್ಲವಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಬೀದಿಯಲ್ಲಿ ಹೋಗುತ್ತಿದ್ದವರನ್ನು ಕರೆದೆವು. ನಮ್ಮೂರಿನಲ್ಲಿ ಅಲ್ಲಾಡಿಸುವುದಕ್ಕೆ ಜನ ಬೇಕು ಎಂದರೆ ಏನು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಆ ಕಡೆ ಕೆಲವರು, ಈ ಕಡೆ ಕೆಲವರು ನಿಂತು ಕಾರನ್ನು ತೊಟ್ಟಿಲಿನ ಹಾಗೆ ತೂಗಿದರು. ನಾನು ಕಣ್ಣು ಮುಚ್ಚಿ ಇಂಜಿನ್ನಿನ ಪಕ್ಕಕ್ಕೆ ಕಿವಿ ಕೊಟ್ಟು ನಿಂತೆ. ಅತ್ತೆ ಜಗಲಿಯ ಮೇಲೆ ಕೂತು, ಅಳಿಯ ಏನು ಮಾಡುತ್ತಿದ್ದಾನೆಂದು ತಿಳಿಯದೆ, ಗೌರವದಿಂದ ನೋಡುತ್ತಿದ್ದರು.

ಲೊಟಕ್. ಲೊಟಕ್.

"ಬುಟ್ಟೈತೆ" ಎಂದು ಘೋಷಿಸಿದೆ.

"ಏನು ಬುಟ್ಟೈತೆ?" ಎಂದ ರುದ್ರಣ್ಣ.

"ಒಳಗಡೆ ಏನೋ ಬುಟ್ಟೈತೆ."

"ಅದೇ, ಯಾವ್ದು?"

"ಒಡೆದ್ರೆ ತಾನೆ ಗೊತ್ತಾಗೋದು?"

ಒಡೆಯುವ ಮಾತು ಕೇಳಿ ಗಂಗಾ ಕಿಟಕಿಗೆ ಬಂದಳು. "ರೀ, ಶಬ್ದ ಹಿಂದ್ಗಡೆಯಿಂದ ಬಂದಂಗಾಯ್ತಲ್ರೀ."

"ಇಂಜಿನ್ ಇರೋದು ಮುಂದ್ಗಡೆ ಕಣೇ. ಶಬ್ದ ಹಿಂದ್ಗಡೆಯಿಂದ ಹೆಂಗೆ ಬತ್ತದೆ?"

ಸೇರಿದ್ದ ಜನರೆಲ್ಲ ನನ್ನ ಮಾತಿಗೆ ತಲೆದೂಗಿದರು. ಗಂಗಾ ಕಿಟಕಿ ಹಾಕಿಕೊಂಡಳು.

ಇನ್ನು ಚಿಕಿತ್ಸೆ. ರುದ್ರಣ್ಣ ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಸ್ಪ್ಯಾನರ್ ಹಾಕಿ ಬಿಗಿದ. ಶಬ್ದ ಹೋಗಲಿಲ್ಲ. ನಮ್ಮ ಕಡೆ ಬಿಗಿದರೂ ನಿಲ್ಲದ ಯಾವುದಕ್ಕಾದರೂ ಒಂದೇ ಮದ್ದು, ತೆಂಗಿನ ನಾರು. ಕೊಡಲಿಯ ಕಾವು ಸಡಿಲವಾದರೆ ನಾರು, ಮಂಚದ ಕಾಲು ಅಲ್ಲಾಡಿದರೆ ನಾರು. ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲೇ ಮಟ್ಟೆಯ ರಾಶಿ ಇತ್ತು. ಇಬ್ಬರೂ ಕೂತು ನಾರು ಬಿಡಿಸಿ, ಇಂಜಿನ್ನಿನ ಸಂದಿಗೊಂದಿಗಳಿಗೆಲ್ಲ ಸೌದೆಕಡ್ಡಿಯಲ್ಲಿ ತುರುಕಿ ತುರುಕಿ ತುಂಬಿದೆವು. ಆ ಶ್ರದ್ಧೆಯಿಂದ ನಾನು ಶಾಲೆಯಲ್ಲಿ ಓದಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ಇರುತ್ತಿದ್ದೆ.

ಈ ಹೊತ್ತಿಗೆ ಅತ್ತೆ ಕೋಲೂರಿಕೊಂಡು ಎದ್ದು ಬಂದರು. ಬಗ್ಗಿ ಒಳಗೆ ನೋಡಿದರು. ಒಂದು ಮೂಲೆಯಲ್ಲಿದ್ದ ಕಪ್ಪು ಡಬ್ಬಿಯನ್ನು ಕೋಲಿನಿಂದ ತೋರಿಸಿ, "ಅಳಿಯಂದ್ರೆ, ಇದರೊಳಗಿಂದ ನಾರು ಆಚೆ ಬಂದೈತೆ ನೋಡಿ. ಇಲಿ ಸೇರ್ಕಂಡೈತೆ" ಎಂದರು.

"ನಾವೇ ಇಟ್ಟಿರೋದು ಅತ್ತೆ" ಎಂದು ಕೂಗಿದೆ.

ಅವರಿಗೆ ಕೇಳಿಸಲಿಲ್ಲ. "ಇಲಿ ಕಣಪ್ಪ" ಎಂದರು ಮತ್ತೆ.

ನಾನು ನಾರಿನ ಕಡೆ ಕೈ ತೋರಿಸಿ, ಎದೆ ತಟ್ಟಿಕೊಂಡು, ನಾನೇ ಎಂದು ಸನ್ನೆ ಮಾಡಿದೆ. ಅತ್ತೆ ನನ್ನನ್ನೂ ಡಬ್ಬಿಯನ್ನೂ ಒಂದು ಸಲ ನೋಡಿ, ಹೋಗಿ ಜಗಲಿಯ ಮೇಲೆ ಕೂತರು.

"ಪಾಪ, ಕಿವಿ ಕೇಳ್ಸದೋರ ಹತ್ರ ಎಷ್ಟು ಕಷ್ಟ ನೋಡು" ಎಂದು ರುದ್ರಣ್ಣ ಮರುಗಿದ.

ಮತ್ತೆ ಅಲ್ಲಾಡಿಸಿದೆವು. ಲೊಟಕ್. "ಕಮ್ಮಿ ಆಗೈತೆ" ಎಂದೆ. "ಶಾನೆ ಕಮ್ಮಿ ಆಗೈತೆ" ಎಂದ ರುದ್ರಣ್ಣ. ಜನ ಸಮಾಧಾನದಿಂದ ಚೆದುರಿದರು. ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ಅದಕ್ಕೂ ನಾನು ಒಂದು ಉಪಾಯ ಕಂಡುಕೊಂಡೆ. ಸಂಜೆ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು, ನೀರಿನಲ್ಲಿ ತೇಯ್ದು, ದೀಪದ ಎದುರಿನ ಗಾಜಿಗೆ ಮೂರು ಪಟ್ಟೆ ಎಳೆದೆ. ದೀಪ ಕಾಣದಾಯಿತು.

"ಇಷ್ಟು ದಪ್ಪಗೆ ಯಾಕ್ರೀ ವಿಭೂತಿ?" ಎಂದಳು ಗಂಗಾ.

"ಒಳ್ಳೆ ಕೆಲಸಕ್ಕೆ ಹೊರಟಾಗ ಶಿವನ ನೆನಪು ಇರ್ಬೇಕು ಕಣೇ."

ಅವಳು ಗಾಜನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನಾಳೆಗೆ ಬಾಡಿಗೆ ಕಾರು ಹೇಳ್ಲಾ? ನಿಜ ಹೇಳಿ."

"ಮನೇಲಿ ಕಾರಿಟ್ಕಂಡು ಬಾಡಿಗೆ ಕಾರಾ? ನನ್ನ ಕಿವಿ ಮೇಲೆ ನಿಂಗೆ ನಂಬಿಕೆ ಇಲ್ವಾ?"

"ನಂಗೆ ನಮ್ಮವ್ವನ ಕಿವಿ ಚಿಂತೆ ಕಣ್ರೀ" ಎಂದಳು.

ಸೋಮವಾರ ಬೆಳಿಗ್ಗೆ ಹೊರಟೆವು. ಅತ್ತೆ ಹೊಸ ಸೀರೆ ಉಟ್ಟು ಹಿಂದೆ ಕೂತಿದ್ದರು, ಗಂಗಾ ನನ್ನ ಪಕ್ಕದಲ್ಲಿ. ಕಾರು ಯಾಕೋ ಏದುಸಿರು ಬಿಡುತ್ತಿತ್ತು. ಎಷ್ಟು ತುಳಿದರೂ ಮುಂದಕ್ಕೆ ಎಳೆಯಲೊಲ್ಲದು. ಲೊಟಕ್ ಶಬ್ದ ಕೇಳಿಸಿದಾಗಲೆಲ್ಲ ಗಂಗಾ ನನ್ನ ಮುಖ ನೋಡುತ್ತಿದ್ದಳು, ನಾನು ರಸ್ತೆ ನೋಡುತ್ತಿದ್ದೆ. ದಾರಿಯಲ್ಲಿ ಸಿಗುವ ಕಿಬ್ಬನಹಳ್ಳಿ ಇನ್ನೂ ದೂರವಿರುವಾಗ ಅವಳು ಮೂಗು ಅರಳಿಸಿದಳು.

"ಎಲ್ಲೋ ಮಟ್ಟೆ ಸುಡ್ತಾವ್ರೆ" ಎಂದಳು.

ಸರಿಯೇ. ನಮ್ಮ ಸೀಮೆಯಲ್ಲಿ ಬೆಳಗಿನ ಹೊತ್ತು ಮಟ್ಟೆ ಉರಿಸಿ ನೀರು ಕಾಯಿಸದ ಮನೆ ಎಲ್ಲಿದೆ? ಮುಂದಿನ ಹಳ್ಳಿಯಲ್ಲೂ ಅದೇ ವಾಸನೆ. ಅದರ ಮುಂದಿನ ಬಯಲಿನಲ್ಲೂ ಅದೇ ವಾಸನೆ. ಬಯಲಿನಲ್ಲಿ ಯಾರಪ್ಪ ನೀರು ಕಾಯಿಸುತ್ತಿದ್ದಾರೆ ಎಂದು ನಾನು ಯೋಚಿಸುತ್ತಿರುವಾಗ, ಹಿಂದಿನಿಂದ ಅತ್ತೆ ನನ್ನ ಹೆಗಲು ತಟ್ಟಿದರು.

"ಅಳಿಯಂದ್ರೆ, ಹೊಗೆ."

ಬಾನೆಟ್ಟಿನ ಅಂಚಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಆಗಲೇ ಕಿಬ್ಬನಹಳ್ಳಿಯ ಅಂಗಡಿಗಳು ಕಾಣಿಸುತ್ತಿದ್ದವು. ಒಂದು ಎಳನೀರಿನ ಗಾಡಿಯ ಮುಂದೆ ಹೋಗಿ ನಿಲ್ಲಿಸಿ, ಮೊದಲು ಅತ್ತೆಯನ್ನು ಇಳಿಸಿ ದೂರ ಕೂರಿಸಿ, ಬಾನೆಟ್ ಎತ್ತಿದೆ. ನಾವು ಪ್ರೀತಿಯಿಂದ ತುರುಕಿದ್ದ ನಾರು ಕೆಂಡವಾಗಿತ್ತು. ಅಡುಗೆ ಒಲೆ ಹಚ್ಚುವಾಗ ಊದಿ ಊದಿ ಸಾಕಾದರೂ ಹತ್ತದ ನಾರು, ಇಲ್ಲಿ ಯಾರೂ ಊದದೆ ಹತ್ತಿಕೊಂಡಿತ್ತು.

"ನೀರು, ನೀರು" ಎಂದೆ. ಬಾಟಲಿ ಖಾಲಿ. ಎಳನೀರಿನವನು ಹಿಂದೆ ಮುಂದೆ ನೋಡದೆ ಕಾಯಿ ಕೊಚ್ಚಿ ಕೈಗೆ ಕೊಟ್ಟ. ನಾನು ಸುರಿದೆ. ಇನ್ನೊಂದು ಕೊಚ್ಚಿದ, ಅದನ್ನೂ ಸುರಿದೆ. ಹೀಗೆ ಕಿಬ್ಬನಹಳ್ಳಿಯ ನಡುರಸ್ತೆಯಲ್ಲಿ ನನ್ನ ಇಂಜಿನ್ನಿಗೆ ಎಳನೀರಿನ ಅಭಿಷೇಕ ನಡೆಯಿತು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಂದರೂ ಹತ್ತದೆ ನಿಂತು ನೋಡಿದರು.

ಗಂಗಾ ಅವ್ವನ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದಳು. ತನ್ನ ಕೈಗಡಿಯಾರ ನೋಡುವುದು, ತುಮಕೂರಿನ ಕಡೆ ರಸ್ತೆ ನೋಡುವುದು, ಅಷ್ಟೇ. ಬೈದಿದ್ದರೆ ವಾಪಸ್ ಏನಾದರೂ ಅಂದು ಹಗುರಾಗುತ್ತಿದ್ದೆ. ಅವಳ ಕಣ್ಣು ತುಂಬಿದ್ದು ಕಂಡು ನಾನು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದೆ.

ಪಕ್ಕದ ಗ್ಯಾರೇಜಿನಿಂದ ಮೆಕ್ಯಾನಿಕ್ ಒಬ್ಬ ಬಂದ. ಹೊಗೆ ಆರಿದ ಮೇಲೆ ನಾರು ಎಳೆಯತೊಡಗಿದ. ಎಳೆದ, ಎಳೆದ, ಬರುತ್ತಲೇ ಇತ್ತು.

"ಸಾರ್, ಇದು ಕಾರಾ, ಹಾಸಿಗೆನಾ?" ಎಂದ.

"ಒಂದು ಶಬ್ದ ಇತ್ತು" ಎಂದೆ ಸಣ್ಣಗೆ.

ಅವನು ಸ್ಟೀರಿಂಗ್ ಕೆಳಗೆ ಏನೋ ಒಂದು ಸಣ್ಣ ಮೆಷಿನ್ ಸಿಕ್ಕಿಸಿ, ತನ್ನ ಮೊಬೈಲ್ ನೋಡಿದ. ಅದರಲ್ಲಿ ಅಕ್ಷರವೂ ಅಂಕಿಯೂ ಸೇರಿದ ಏನೋ ಒಂದು ಬಂತು. ಅವನು ತಲೆ ಕೆರೆದುಕೊಂಡ. "ಗಾಳಿ ವಿಚಾರ ಏನೋ ಹೇಳ್ತೈತೆ ಸಾರ್. ಕಮ್ಮಿ ಅಂತೈತೋ ಜಾಸ್ತಿ ಅಂತೈತೋ ಗೊತ್ತಾಯ್ತಿಲ್ಲ. ಸೆನ್ಸರ್ ಇರ್ಬೋದು, ಪೈಪ್ ಇರ್ಬೋದು, ವೈರಿಂಗೂ ಇರ್ಬೋದು." ಅವನು, ನಾನು, ಎಳನೀರಿನವನು ಮೂವರೂ ತಲೆಗೆ ತಲೆ ಹಚ್ಚಿ ಮೊಬೈಲ್ ನೋಡಿದೆವು. ನಮಗ್ಯಾರಿಗೂ ಏನೂ ತಿಳಿಯಲಿಲ್ಲ. ಎಳನೀರಿನವನು ಮಾತ್ರ "ವೈರಿಂಗೇ" ಎಂದ.

ಅಷ್ಟರಲ್ಲಿ ಟಕ್ ಟಕ್ ಎಂದು ಕೋಲಿನ ಶಬ್ದ. ಅತ್ತೆ ಯಾವಾಗ ಎದ್ದು ಬಂದರೋ, ಆ ಕಪ್ಪು ಡಬ್ಬಿಯ ಮೇಲೆ ಕೋಲಿನಿಂದ ಕುಟ್ಟುತ್ತಿದ್ದರು.

"ಇಲಿ" ಎಂದರು.

ಮೆಕ್ಯಾನಿಕ್ ಡಬ್ಬಿಯ ಕ್ಲಿಪ್ಪು ಬಿಚ್ಚಿ ಮುಚ್ಚಳ ಎತ್ತಿದ. ಒಳಗಿಂದ ಒಂದು ಇಲಿ ಚಂಗನೆ ಹಾರಿ, ಎಳನೀರಿನ ರಾಶಿಯೊಳಗೆ ಮಾಯವಾಯಿತು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಡಬ್ಬಿಯಂತೆ ಅದು. ಅದರ ತುಂಬ ನಾರಿನ ಗೂಡು, ಗೂಡಿನ ನಡುವೆ ಕೊಬ್ಬರಿ ಚೂರುಗಳು. ಉಸಿರು ಕಟ್ಟಿದ ಕಾರು ಪಾಪ, ತನಗೆ ತಿಳಿದ ಹಾಗೆ ದೀಪ ಹಚ್ಚಿ ಹೇಳಿತ್ತು. ನಾನು ಅದಕ್ಕೆ ವಿಭೂತಿ ಬಳಿದಿದ್ದೆ.

ಮೆಕ್ಯಾನಿಕ್ ಗೂಡನ್ನು ಕೈಯಲ್ಲಿ ಹಿಡಿದು ಕೇಳಿದ. "ಸಾರ್, ಇದು ನೀವು ತುರುಕಿದ್ದಾ, ಇಲಿ ತುರುಕಿದ್ದಾ?"

"ಇದು ಇಲಿದು."

"ಅದೇ ಅನ್ಕಂಡೆ. ನೀಟಾಗಿಟ್ಟೈತೆ" ಎಂದ.

ಡಬ್ಬಿ ಝಾಡಿಸಿ ಕೂರಿಸಿ, ವೈರು ಪೈಪುಗಳನ್ನೆಲ್ಲ ಒರೆಸಿ ನೋಡಿ, ಮೊಬೈಲಿನಲ್ಲಿ ಏನೋ ಒತ್ತಿದ. ನಾನು ಒದ್ದೆ ಬಟ್ಟೆಯಲ್ಲಿ ವಿಭೂತಿ ಒರೆಸಿದೆ. ದೀಪ ಇರಲಿಲ್ಲ. "ಆದ್ರೆ ಆ ಶಬ್ದ..." ಎಂದು ನಾನು ಶುರು ಮಾಡುವಷ್ಟರಲ್ಲಿ ಗಂಗಾ, "ಹತ್ತಿ ರೀ" ಎಂದಳು. ಆ ದನಿ ಕೇಳಿ ನಾನು ಹತ್ತಿದೆ.

ತುಮಕೂರು ಮುಟ್ಟಿದಾಗ ನಮ್ಮ ಹೊತ್ತು ಮೀರಿತ್ತು. ಗಂಗಾ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಓಡಿದಳು. ನಾನು ಅತ್ತೆಯನ್ನು ನಡೆಸಿಕೊಂಡು ಹೋಗುವ ಹೊತ್ತಿಗೆ ಡಾಕ್ಟರು ಬ್ಯಾಗು ಹೆಗಲಿಗೆ ಹಾಕಿ ನಿಂತಿದ್ದರು, ಗಂಗಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಡಾಕ್ಟರು ಮೂಗು ಮುಚ್ಚಿಕೊಂಡು, "ಏನಿದು ಹೊಗೆ ವಾಸನೆ?" ಎಂದರು. ಗಂಗಾ ನನ್ನ ಕಡೆ ಕೈ ತೋರಿಸಿದಳು. ಅವರಿಗೆ ಏನನ್ನಿಸಿತೋ, ಬ್ಯಾಗು ಕೆಳಗಿಟ್ಟು ಅತ್ತೆಯನ್ನು ಕುರ್ಚಿಗೆ ಕೂರಿಸಿದರು.

ಪರೀಕ್ಷೆ ಎಲ್ಲ ಮುಗಿದು, ಮೆಷಿನ್ ಒಂದನ್ನು ಹೊಂದಿಸಿ ಅತ್ತೆಯ ಕಿವಿಗೆ ಇಟ್ಟರು. ಗಂಗಾ ಅವರ ಬೆನ್ನ ಹಿಂದೆ ನಿಂತು, ಮನೆಯಲ್ಲಿ ಕರೆಯುವ ಹಾಗೆ, ಮೆಲ್ಲಗೆ "ಅವ್ವಾ" ಎಂದಳು.

ಅತ್ತೆ ತಿರುಗಿದರು. "ಯಾಕವ್ವ?"

ಗಂಗಾ ಅಲ್ಲೇ ಅತ್ತುಬಿಟ್ಟಳು. ನನ್ನ ಕಣ್ಣೂ ತೇವವಾಯಿತು. ನಾರಿನ ಹೊಗೆ ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರಿಗೆ ಹೇಳಿದೆ.

ವಾಪಸ್ ಬರುವಾಗ ಅತ್ತೆಗೆ ಎಲ್ಲವೂ ಹೊಸದು. ಬಸ್ಸಿನ ಹಾರನ್ನಿಗೆ ಬೆಚ್ಚುವುದು, ತಮ್ಮ ಬಳೆಯನ್ನು ತಾವೇ ಅಲ್ಲಾಡಿಸಿ ನಗುವುದು. ಗಂಗಾ ಸುಮ್ಮಸುಮ್ಮನೆ ಏನೇನೋ ಕೇಳುತ್ತಿದ್ದಳು, ಅತ್ತೆ ಉತ್ತರ ಕೊಡುತ್ತಿದ್ದರು. ಇದೇ ಸಮಯ ಎಂದು ನಾನು ಗಂಟಲು ಸರಿಮಾಡಿಕೊಂಡು, "ದೀಪ ಇಲಿದೇ ಇರ್ಬೋದು. ಆದ್ರೆ ಒಳಗೆ ಇಂಜಿನ್ ಪಾರ್ಟ್ ಒಂದು ಬುಟ್ಟಿರೋದಂತೂ ನಿಜ. ನನ್ನ ಕಿವಿ ಸುಳ್ಳು ಹೇಳಲ್ಲ" ಎಂದೆ. ಅದಕ್ಕೆ ಸರಿಯಾಗಿ ಒಂದು ಹಳ್ಳ ಬಂತು. ಲೊಟಕ್.

"ಅಳಿಯಂದ್ರೆ, ಒಂಚೂರು ನಿಲ್ಸಿ" ಎಂದರು ಅತ್ತೆ.

ನಿಲ್ಲಿಸಿದೆ. ಅತ್ತೆ ಕಷ್ಟಪಟ್ಟು ಬಗ್ಗಿ, ನನ್ನದೇ ಸೀಟಿನ ಕೆಳಗೆ ಕೋಲು ಹಾಕಿ ಕೆದಕಿ, ಕೈ ತೂರಿಸಿ, ಮಟ್ಟೆ ಸುಲಿದ ಒಂದು ಒಣಕಾಯಿಯನ್ನು ಎಳೆದು ತೆಗೆದರು. ಮೆಷಿನ್ ಇದ್ದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಟಕ್ ಎಂದಿತು.

"ಚೆನ್ನಾಗಿ ಬುಟ್ಟೈತೆ ಕಣಪ್ಪ" ಎಂದರು. "ಒಡೀಬೋದು."

ಗಂಗಾ ಮೆಲ್ಲಗೆ ನನ್ನ ಕಡೆ ತಿರುಗಿದಳು. ನಾನು ಗೇರ್ ಬದಲಾಯಿಸಿದೆ. ತಿಪಟೂರಿನವರೆಗೂ ಕಾರಿನಲ್ಲಿ ಒಂದೇ ಒಂದು ಶಬ್ದ ಬರಲಿಲ್ಲ, ನನ್ನದೂ ಸೇರಿ.

ಅತ್ತೆ ಈಗ ನಮ್ಮಲ್ಲೇ ಇದ್ದಾರೆ. ಅಟ್ಟದಿಂದ ಕಾಯಿ ಇಳಿಸಿದರೆ ಅಲ್ಲಾಡಿಸಿ ಹೇಳುವವರು ಅವರೇ. ರುದ್ರಣ್ಣ ಕೂಡ ತನ್ನ ಮನೆಯ ಕಾಯಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು, ನನ್ನನ್ನು ದಾಟಿಕೊಂಡು ಹೋಗಿ ಅವರ ಮುಂದೆ ಕೂರುತ್ತಾನೆ. ಚೀಲದ ಬಾಯಿ ಕಟ್ಟುವ ಕೆಲಸವನ್ನಾದರೂ ನನಗೆ ಬಿಡಿ ಎಂದು ಕೇಳಿಕೊಂಡೆ. ಗಂಗಾ ಅದನ್ನೂ ಕೊಡಲಿಲ್ಲ.